ಜಾಂಬಖೇಡಕ್ಕೆ ಹೋದ ಗ್ರೇಸಬಾಯಿಯ ತಗಡು

ಗ್ರೇಸಳಿಗೆ ದೇವರು ಎರಡು ಗುಣಗಳನ್ನು ಕೈಬಿಚ್ಚಿ ಕೊಟ್ಟಿದ್ದ, ಒಂದು ಬಾಯಿ, ಇನ್ನೊಂದು ಹಟ. ಎರಡರಲ್ಲೂ ಒಂದೊಂದು ಹಿಡಿ ಕಡಿಮೆ ಮಾಡಿ ಅಷ್ಟು ತಾಳ್ಮೆ ಹಾಕಿದ್ದರೆ ಚೆನ್ನಾಗಿತ್ತು ಎಂದು ಹಲಬರ್ಗಾದ ಅವಳ ಮನೆಯವರೇ ಹೇಳುತ್ತಿದ್ದರು. ತಂದೆ ಗಿಡಿಯೋನ ಮಿಷನ್ ದವಾಖಾನೆಯಲ್ಲಿ ಕಂಪೌಂಡರ್, ತಾಯಿ ಮಾರ್ಥಾ ಅಲ್ಲೇ ನರ್ಸು. ಹುಡುಗಿ ಫ್ರಾಕು ಹಾಕುವ ವಯಸ್ಸಿನಲ್ಲೇ ಮನೆಯ ರೇಡಿಯೋ ಬಿಚ್ಚಿ, ಅದರ ಏರಿಯಲ್ ತಂತಿಯನ್ನು ಬಟ್ಟೆ ಒಣಹಾಕುವ ತಂತಿಗೆ ಕಟ್ಟಿದಳು. ರೇಡಿಯೋ ಎಂದೂ ಹಾಡದ ಹಾಗೆ ಹಾಡಿತು. ಮಾರ್ಥಾಬಾಯಿ ಆ ತಂತಿಯ ಮೇಲೆ ಒದ್ದೆ ಸೀರೆ ಹರವಿದ ಕೂಡಲೇ ಅದರ ಗಂಟಲು ಕಟ್ಟಿತು. ಸೀರೆ ತೆಗೆ ಎಂದು ಮಗಳು, ರೇಡಿಯೋ ಮುಚ್ಚು ಎಂದು ತಾಯಿ. ಈ ಜಗಳ ಹಲಬರ್ಗಾದಲ್ಲಿ ಬಹಳ ದಿನ ನಡೆಯಿತು.

ಮುಂದೆ ಆಕೆ ಬೀದರದ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸುವ ಮೇಡಂ ಆದಳು. ಆಂಟೆನಾ ಮೇಲೆಯೇ ಪಿಎಚ್.ಡಿ.ಗೆ ಹೆಸರು ಹಚ್ಚಿದಳು. ಮದುವೆಯ ಮಾತೆತ್ತಿದವರಿಗೆಲ್ಲ ಪಿಎಚ್.ಡಿ. ಮುಗಿಯಲಿ ಎಂದು ಒಂದೇ ಉತ್ತರ. ವರ್ಷಗಟ್ಟಲೆ ಇದನ್ನೇ ಕೇಳಿ ಸಾಕಾದ ಅವಳ ಸೋದರತ್ತೆಯೊಬ್ಬಳು, ಪಿಎಚ್.ಡಿ. ಎಂದರೆ ಬರ್ತೇನೆ ಬರ್ತೇನೆ ಎಂದು ಹೇಳಿ ಬಾರದ ಯಾವನೋ ವರ ಇರಬೇಕು ಎಂದು ನಂಬಿಬಿಟ್ಟಿದ್ದಳು.

ಆಂಟೆನಾ ಎಂದರೆ ಮಾಳಿಗೆಯ ಮೇಲಿನ ಕಡ್ಡಿ ಎಂದುಕೊಂಡವರು ಗ್ರೇಸಳ ಆಂಟೆನಾ ನೋಡಿದರೆ ನಗುತ್ತಿದ್ದರು. ರೊಟ್ಟಿ ಬಡಿಯುವ ಪರಾತಿನಷ್ಟು ಅಗಲದ ಒಂದು ಚೌಕ ಹಲಗೆ, ಅದರ ಎರಡೂ ಬದಿಗೆ ತಾಮ್ರದ ತೆಳು ಪದರ. ಎದುರು ಬದಿಯ ನಡುವಿನ ದೊಡ್ಡ ಚೌಕವೇ ಆಂಟೆನಾ. ಅದರ ತಕರಾರು ಇಷ್ಟೇ: ಅದಕ್ಕೆ ಕೊಟ್ಟ ತರಂಗವೆಲ್ಲ ನೆಟ್ಟಗೆ ಎದುರಿಗೆ ಹೋಗುವುದಿಲ್ಲ. ಒಂದಷ್ಟು ಹಲಗೆಯ ಮೈಗುಂಟ ತೆವಳಿಕೊಂಡು ಹೋಗಿ, ಅಂಚಿನಲ್ಲಿ ಸೋರಿ, ಪಕ್ಕಕ್ಕೂ ಹಿಂದಕ್ಕೂ ಪೋಲಾಗುತ್ತದೆ. ಆ ಕಳ್ಳದಾರಿ ಮುಚ್ಚುವುದೇ ಗ್ರೇಸಳ ಸಂಶೋಧನೆ. ಆಂಟೆನಾದ ಸುತ್ತ ಸಣ್ಣ ಸಣ್ಣ ತಾಮ್ರದ ಚೌಕಗಳನ್ನು ಸಾಲಾಗಿ ಕೂರಿಸಿ, ಒಂದೊಂದರ ನಡುವಿನಿಂದಲೂ ಸೂಜಿಯಂಥ ತಂತಿ ಇಳಿಸಿ, ಹಿಂಬದಿಯ ತಾಮ್ರಕ್ಕೆ ಬೆಸುಗೆ ಹಾಕಬೇಕು. ಆಗ ಫೋನಿನ ತರಂಗಕ್ಕೆ ಮೈಗುಂಟ ತೆವಳುವ ದಾರಿಯೇ ಸಿಗದೆ, ಅದು ಎದುರಿಗೇ ಹೊರಡುತ್ತದೆ. ಪುಸ್ತಕದಲ್ಲಿ ಈ ಏರ್ಪಾಡಿಗೆ ಎಲೆಕ್ಟ್ರೋಮ್ಯಾಗ್ನೆಟಿಕ್ ಬ್ಯಾಂಡ್ ಗ್ಯಾಪ್ ಎಂಬ ಮಾರುದ್ದದ ಹೆಸರು. ಕಾಲೇಜಿನಲ್ಲಿ ಎಲ್ಲರೂ ಇಬಿಜಿ ಎನ್ನುತ್ತಿದ್ದರು.

ಇದನ್ನು ತಂದೆಗೆ ತಿಳಿಸಿ ಹೇಳಲು ಅವಳು ಅವರದೇ ಚರ್ಚನ್ನು ಎಳೆದು ತಂದಳು. ಪಾಸ್ಟರ್ ಪ್ರಸಂಗ ಉದ್ದವಾದರೆ ಜನ ಪಕ್ಕದ ಬಾಗಿಲಿನಿಂದ ಮೆಲ್ಲಗೆ ನುಸುಳುತ್ತಾರೆ. ಆಗ ಗಿಡಿಯೋನರು ಎದ್ದು ಹೋಗಿ ಆ ಬಾಗಿಲಲ್ಲಿ ನಿಲ್ಲುತ್ತಾರೆ. ಅಪ್ಪಾ, ನಾನು ಬೆಸುಗೆ ಹಾಕುವ ಒಂದೊಂದು ತಂತಿಯೂ ನೀನೇ ಎಂದಳು. ಗಿಡಿಯೋನರಿಗೆ ಬಹಳ ಸಂತೋಷವಾಯಿತು. ಮಗಳು ತನ್ನ ಮೇಲೆಯೇ ಡಾಕ್ಟರೇಟ್ ಮಾಡುತ್ತಿದ್ದಾಳೆ ಎಂದು ಮುಂದಿನ ಭಾನುವಾರ ಚರ್ಚಿಗೆಲ್ಲ ಹೇಳಿಕೊಂಡು ಬಂದರು.

ಅದು ೨೦೧೫. ಮಳೆ ಮೋಡ ತೋರಿಸಿ ತೋರಿಸಿ ಕೈಕೊಟ್ಟ ವರ್ಷ. ಭಾಲ್ಕಿಯ ಬಸ್ ಸ್ಟ್ಯಾಂಡಿನಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ. ಸ್ಟೋವು, ಕೊಡಪಾನ, ಹಾಸಿಗೆಯ ಗಂಟು, ಬುಟ್ಟಿಯಲ್ಲಿ ಕೋಳಿ, ಎಲ್ಲ ಕಟ್ಟಿಕೊಂಡು ಜನ ಪುಣೆಗೆ, ಹೈದರಾಬಾದಿಗೆ ಕೆಲಸ ಹುಡುಕಿ ಹೊರಟಿದ್ದರು. ಗ್ರೇಸಳ ಮಾರ್ಗದರ್ಶಕರಿಗೆ ಆಗಲೇ ಹೊಸ ಮಾತು ಹೊಳೆಯಬೇಕೆ? ನಿನ್ನ ಅಂಕಿ ಸಂಖ್ಯೆಗಳೇನೋ ಚೆನ್ನಾಗಿವೆ, ಆದರೆ ನಿಜವಾಗಿ ಯಾರಿಗಾದರೂ ಉಪಯೋಗವಾದದ್ದನ್ನು ತೋರಿಸು ಎಂದುಬಿಟ್ಟರು. ಯಾರಿಗೆ ಉಪಯೋಗ? ಬೀದರದಲ್ಲಿ ಟವರಿಗೇನು ಬರಗಾಲವೆ? ಗ್ರೇಸ ಎರಡು ದಿನ ಲ್ಯಾಬಿನಲ್ಲಿ ಬೈದುಕೊಂಡೇ ಓಡಾಡಿದಳು. ಆ ಬೈಗುಳ ಕೇಳಿಸಿಕೊಳ್ಳುತ್ತಿದ್ದವನು ಲ್ಯಾಬಿನ ಅಟೆಂಡರ್ ಕಾಶೀರಾಮ.

ಕಾಶೀರಾಮನ ಊರು ಔರಾದ ತಾಲೂಕಿನ ಗಡಿಯ ಜಾಂಬಖೇಡ, ಕಮಲನಗರದಿಂದ ಆಚೆ, ತಗ್ಗಿನಲ್ಲಿ ಕುಳಿತ ಊರು. ವಾರವಿಡೀ ಬೀದರದಲ್ಲಿ ಬಾಡಿಗೆ ಕೋಣೆ, ಶನಿವಾರ ಸಂಜೆಗೆ ಊರು. ಅವನದು ಮಾತು ಕಡಿಮೆ. ಅವನು ಆ ದಿನ ಹೇಳಿದ್ದನ್ನು ಅಲ್ಲಿಷ್ಟು ಇಲ್ಲಿಷ್ಟು ಕೂಡಿಸಿಕೊಂಡರೆ ಸಂಗತಿ ಹೀಗಿತ್ತು. ಅವನ ಊರಿನಲ್ಲಿ ಫೋನಿಗೆ ರೇಂಜು ಇಲ್ಲ. ಊರ ಹೊರಗಿನ ಟೇಕಡಿ, ಎಂದರೆ ಸಣ್ಣ ಗುಡ್ಡ, ಹತ್ತಿದರೆ ಗಡಿಯಾಚೆಯ ಟವರು ಸಿಗುತ್ತದೆ, 'ಮಹಾರಾಷ್ಟ್ರಕ್ಕೆ ಸ್ವಾಗತ' ಎಂದು ಮೆಸೇಜು ಬರುತ್ತದೆ. ಗಂಡಂದಿರು ಪುಣೆಯಲ್ಲಿರುವ ಹೆಂಗಸರೆಲ್ಲ ಹೊತ್ತು ಇಳಿಯುವಾಗ ಆ ಟೇಕಡಿಯ ಮೇಲೆ ಒಬ್ಬೊಬ್ಬರು ಒಂದೊಂದು ಕಲ್ಲು ಹಿಡಿದು ಕೂತು ಮಾತಾಡುತ್ತಾರೆ. ಅವನ ಮಗ ಪಂಢರಿ ಪುಣೆಯಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿದ್ದಾನೆ. ಸೊಸೆ ಅಂಜನಾಬಾಯಿ ಚೊಚ್ಚಲ ಬಸುರಿ, ದಿನ ತುಂಬುತ್ತಾ ಬಂದಿದೆ. ಮೊದಲ ಹೆರಿಗೆ ತವರಲ್ಲಿ ಆಗಬೇಕು, ಆದರೆ ತವರಿನವರೇ ಮನೆಗೆ ಬೀಗ ಹಾಕಿ ಹೈದರಾಬಾದಿಗೆ ಹೋಗಿದ್ದಾರೆ. ಈಗ ಅವಳಿಗೆ ಟೇಕಡಿ ಹತ್ತಲೂ ಆಗುತ್ತಿಲ್ಲ.

"ಗಂಡನ ಜೋಡಿ ಮಾತಿಲ್ಲ ಕತಿ ಇಲ್ಲರಿ ಅಕಿಗಿ. ಒಂದೇ ಸವನ ಬಾಗಲ ನೋಡ್ಕೋತ ಕೂತಿರ್ತಾಳ" ಎಂದ ಕಾಶೀರಾಮ.

ಗ್ರೇಸಳ ಬೈಗುಳ ಅಲ್ಲಿಗೆ ನಿಂತಿತು.

ಲೆಕ್ಕ ಸುಲಭವಿತ್ತು. ತಾಮ್ರದ ಆ ಹಲಗೆಯಂಥ ಒಂದು ತಗಡನ್ನು ಮಾಳಿಗೆಯ ಮೇಲೆ ಬಿದಿರಿನ ಗಳಕ್ಕೆ ಕಟ್ಟಿ ಗಡಿಯಾಚೆಯ ಟವರಿಗೆ ಮುಖ ಮಾಡುವುದು. ಅದರಿಂದ ಕೇಬಲ್ ಇಳಿಸಿ ಮನೆಯೊಳಗೆ ಇನ್ನೊಂದು ತಗಡಿಗೆ ಜೋಡಿಸುವುದು. ಮೇಲಿನದು ಹಿಡಿದದ್ದನ್ನು ಕೆಳಗಿನದು ಬಿಡುತ್ತದೆ, ಕೆಳಗೆ ಆಡಿದ್ದನ್ನು ಮೇಲಿನದು ಒಯ್ಯುತ್ತದೆ. ಕರೆಂಟು ಬೇಡ, ಏನೂ ಬೇಡ. ಸಿಗುವ ಸಿಗ್ನಲ್ಲೇ ಒಂದು ಗುಟುಕು. ಅದರಲ್ಲಿ ಪಕ್ಕಕ್ಕೆ ಸೋರಿದರೆ ಉಳಿಯುವುದು ಸೊನ್ನೆ, ಅದಕ್ಕೇ ಇಬಿಜಿ ಸಾಲುಗಳು ಬೇಕು. ಒಳಗಿನ ತಗಡಿನ ಎದುರಿಗೆ, ಕೈಯಳತೆಯಲ್ಲಿ ಫೋನು ಹಿಡಿದು ನಿಂತರೆ ಮಾತಾಡಬಹುದು. ಅತ್ತಿತ್ತ ಸರಿದರೆ ಇಲ್ಲ.

ತಗಡುಗಳನ್ನು ಹಳೆಯ ಸೀರೆಯಲ್ಲಿ ಸುತ್ತಿಕೊಂಡು ಶನಿವಾರ ಇಬ್ಬರೂ ಭಾಲ್ಕಿಯಲ್ಲಿ ಬಸ್ಸು ಬದಲಿಸಿದರು. ಗಂಟಿನೊಳಗೆ ಏನಿದೆ ಎಂದು ಕಂಡಕ್ಟರ್ ಕೇಳಿದ. ಗ್ರೇಸ ಹೇಳಲು ಶುರು ಮಾಡಿದಳು, ಕಮಲನಗರ ಬಂದರೂ ಮುಗಿಯಲಿಲ್ಲ. ಪಾಪ, ಆ ಕಂಡಕ್ಟರ್ ಇನ್ನೊಮ್ಮೆ ಯಾರ ಗಂಟನ್ನೂ ಕೇಳಿರಲಿಕ್ಕಿಲ್ಲ.

ಕಾಶೀರಾಮನ ಹೆಂಡತಿ ಶಾಲುಬಾಯಿ ಗಟ್ಟಿ ಹೆಂಗಸು. ಗಂಡ ಬೀದರದಲ್ಲಿ, ಮಗ ಪುಣೆಯಲ್ಲಿ; ಮನೆ, ಎಮ್ಮೆ, ಟ್ಯಾಂಕರಿನ ನೀರು, ಬಸುರಿ ಸೊಸೆ ಎಲ್ಲ ಇವಳ ತಲೆಯ ಮೇಲೆ. ಕಾಲೇಜಿನ ಬಾಯಾರು, ಎಂದರೆ ಮೇಡಂ, ಮನೆಗೆ ಬಂದಿದ್ದಾರೆಂದು ಜೈಭೀಮ ಹೇಳಿ, ಚಹಾ ಕೊಟ್ಟು, ತಗಡನ್ನು ತಾನೇ ಎತ್ತಿಕೊಂಡು ಹೋಗಿ ಜಾಗ ತೋರಿಸಿದಳು. ಯಾವ ಜಾಗ? ಪಡಸಾಲೆಯ ನಟ್ಟನಡುವೆ, ಬಾಬಾಸಾಹೇಬರ ಫೋಟೋದ ಕೆಳಗೆ. ಮನೆಗೆ ಬಂದ ಬೆಲೆಯುಳ್ಳ ವಸ್ತುವನ್ನು ಇನ್ನೆಲ್ಲಿ ಇಡುತ್ತಾರೆ? ಗ್ರೇಸಳಿಗೂ ಸರಿ ಎನಿಸಿತು, ಮೊಳೆ ಹೊಡೆದಳು.

ಫೋನಿನಲ್ಲಿ ಒಂದು ಗೆರೆ ಮೂಡಿತು, ಎರಡು, ಮೂರು. ಮನೆಯೊಳಗೇ 'ಮಹಾರಾಷ್ಟ್ರಕ್ಕೆ ಸ್ವಾಗತ' ಬಂತು. ಶಾಲುಬಾಯಿ ಮಗನಿಗೆ ಫೋನು ಹಚ್ಚಿದಳು. ಪಂಢರಿಯ ದನಿ ಕೇಳಿಸಿದ್ದೇ ತಡ, ಓಣಿಗೆ ಓಣಿಯೇ ಪಡಸಾಲೆಯಲ್ಲಿ ನೆರೆಯಿತು. ಊಟ ಆಯಿತೇ, ಅಲ್ಲಿ ಮಳೆ ಇದೆಯೇ, ಕೂಲಿಯವರ ಮೇಲಿನ ಮುಕಾದಮ ಕಿರಿಕಿರಿ ಮಾಡುತ್ತಾನೆಯೇ ಎಂದು ಶಾಲುಬಾಯಿ ಪುಣೆಗೆ ಫೋನಿಲ್ಲದೆಯೇ ಮುಟ್ಟುವ ದನಿಯಲ್ಲಿ ಕೇಳಿದಳು. ಆಮೇಲೆ ಫೋನು ಸೊಸೆಯ ಕೈಗೆ ಕೊಟ್ಟಳು. ಅಂಜನಾಬಾಯಿ ಸೆರಗು ಎಳೆದುಕೊಂಡು, ಗೋಡೆಗೆ ಮುಖ ಮಾಡಿ, ಹೂಂ ಎಂದಳು. ಹಾಂ ಎಂದಳು. ಆಯ್ತು ಎಂದಳು. ಫೋನು ಅತ್ತೆಯ ಕೈಗೆ ಮರಳಿ ಬಂತು.

ಗ್ರೇಸ ಹುಬ್ಬು ಗಂಟಿಕ್ಕಿದಳು. ಟೇಕಡಿಯ ಮೇಲೆ ಸೊಸೆ ಕತ್ತಲಾಗುವವರೆಗೂ ಮಾತಾಡುತ್ತಿದ್ದಳೆಂದು ಕಾಶೀರಾಮನೇ ಹೇಳಿದ್ದನಲ್ಲ? ಮಾತು ಸರಿಯಾಗಿ ಕೇಳಿಸಲಿಲ್ಲವೇ ಎಂದು ಎಲ್ಲರೆದುರಿಗೇ ಕೇಳಿದಳು. ಅಂಜನಾ ಅತ್ತೆಯ ಕಡೆ ಒಮ್ಮೆ ನೋಡಿ, ತಲೆ ತಗ್ಗಿಸಿ, "ಇಲ್ಲರಿ ಬಾಯಾರ, ಕೇಳಸ್ಲಿಲ್ಲ" ಎಂದಳು.

ಎಂಜಿನಿಯರಿಗೆ ಇಷ್ಟು ಹೇಳಿದರೆ ಸಾಕು, ಅವಳು ಕೆಟ್ಟಳು. ಶಾಲುಬಾಯಿಗೆ ಕೇಳಿಸಿದ್ದು ಅಂಜನಾಗೆ ಕೇಳಿಸಲಿಲ್ಲ ಎಂದರೆ ಎಲ್ಲೋ ಬೆಸುಗೆ ಬಿಟ್ಟಿದೆ, ಬಿಟ್ಟು ಬಿಟ್ಟು ಹಿಡಿಯುತ್ತಿದೆ! ಇಲ್ಲವೇ ಸೊಸೆ ಗೋಡೆಗೆ ತೀರಾ ಒತ್ತಿ ನಿಂತದ್ದರಿಂದ ಅವಳ ಮೈಯೇ ತರಂಗವನ್ನು ನುಂಗಿರಬೇಕು. ತಗಡುಗಳನ್ನು ಬಿಚ್ಚಿಕೊಂಡು ಬೀದರಕ್ಕೆ ಮರಳಿ, ವಾರವಿಡೀ ಕಾಶೀರಾಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದು ತಂತಿಯನ್ನೂ ಮತ್ತೆ ಬೆಸೆದಳು. ಚೌಕಗಳ ಇನ್ನೊಂದು ಸಾಲು ಸೇರಿಸಿದಳು. ಹಿಂದಕ್ಕೂ ಪಕ್ಕಕ್ಕೂ ಸೋರುವುದು ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆಯಾಯಿತು. ಇಷ್ಟು ಒಳ್ಳೆಯ ತಗಡನ್ನು ಅವಳು ಅದುವರೆಗೆ ಮಾಡಿರಲಿಲ್ಲ. ಮುಂದಿನ ಶನಿವಾರ ಮತ್ತೆ ಅದೇ ಬಸ್ಸು, ಅದೇ ಪಡಸಾಲೆ, ಅದೇ ಮೊಳೆ. ಅಂಜನಾ ಹೂಂ ಎಂದಳು, ಹಾಂ ಎಂದಳು, ಆಯ್ತು ಎಂದಳು.

ಗ್ರೇಸಳಿಗೆ ಅಳು ಬರುವುದೊಂದು ಬಾಕಿ. ಮರುದಿನ ಬೆಳಿಗ್ಗೆ ನೀರಿನ ಟ್ಯಾಂಕರು ಬಂದಾಗ ಅಂಜನಾ ಕೊಡ ಹಿಡಿದು ಹೊರಟಳು. ಬಸುರಿಗೆ ಕೊಡ ಯಾಕೆ ಎಂದು ಗ್ರೇಸ ಅದನ್ನು ಕಸಿದುಕೊಂಡು ತಾನೇ ಪಾಳಿಯಲ್ಲಿ ನಿಂತಳು. ಅಂಜನಾ ಜೊತೆಗೆ ಬಂದು ಬೇವಿನ ಮರದ ಕಟ್ಟೆಯ ಮೇಲೆ ಕೂತಳು. ಅತ್ತೆ ಮನೆಯಲ್ಲಿ ಎಮ್ಮೆಯ ಹತ್ತಿರ ಇದ್ದಳು, ಉಳಿದವರೆಲ್ಲ ಟ್ಯಾಂಕರಿನ ಪೈಪಿಗೆ ಮುಗಿಬಿದ್ದಿದ್ದರು. ಗ್ರೇಸ ಸೋತ ದನಿಯಲ್ಲಿ, ಏನು ಕೇಳಿಸುವುದಿಲ್ಲ ಹೇಳವ್ವ, ದನಿ ಒಡೆಯುತ್ತದೆಯೋ, ನಡುವೆ ನಿಲ್ಲುತ್ತದೆಯೋ ಎಂದು ಕೇಳಿದಳು. ಹುಡುಗಿಗೆ ಪಾಪ ಎನಿಸಿರಬೇಕು.

"ಬಾಯಾರ, ನಿಮ್ಮ ತಗಡು ಚೊಲೋನೇ ಅದರಿ. ಅವರ ಮಾತು ನನಗ ಛಂದ ಕೇಳಸ್ತದ. ಆದ್ರ ನನ್ನ ಮಾತು ಇಡೀ ಓಣಿಗಿ ಕೇಳಸ್ತದಲ್ಲರಿ?"

ಹಿರಿಯರೆದುರಿಗೆ ಗಂಡನ ಜೊತೆ ಸೊಸೆ ಏನು ಮಾತಾಡಿಯಾಳು? ಅಂಜನಾ ನಿಧಾನವಾಗಿ ಉಳಿದದ್ದನ್ನೂ ಹೇಳಿದಳು. ಮೆಸೇಜು ಕಳಿಸೋಣವೆಂದರೆ ಆ ಕಡೆಯ ಫೋನು ನಾಲ್ಕು ಜನರ ಕೈಯಲ್ಲಿ ಓಡಾಡುತ್ತದೆ. ಹೇಳಬೇಕಾದ ಮಾತು ದೊಡ್ಡದೇನಲ್ಲ.

"ನನಗ ಭಾಳ ಅಂಜಿಕಿ ಆಗ್ಯಾದರಿ. ಅವ್ವನೂ ಹತ್ರ ಇಲ್ಲ. ಹಡಿಯೂ ಹೊತ್ನ್ಯಾಗ ನೀವಾದ್ರೂ ಬರ್ರಿ ಅಂತ ಅವರಿಗಿ ಹೇಳಬೇಕಾಗ್ಯಾದ. ಅತ್ತಿ ಮುಂದ ಅಂಜಿಕಿ ಅಂದ್ರ, ನಾ ಇಲ್ಲೇನು ಅಂತಾರ. ಅವರಿಗಿ ಕೆಟ್ಟ ಅನಸ್ತದರಿ."

ಪಾಳಿ ಬಂತು, ಕೊಡ ತುಂಬಿತು, ಹಿಂದಿನವಳು ಗದರಿಸುವವರೆಗೂ ಗ್ರೇಸಳಿಗೆ ಅರಿವಿರಲಿಲ್ಲ. ಥೂ, ನನ್ನ ಬುದ್ಧಿಗೆ ಬೆಂಕಿ ಹಾಕ, ಎಂದು ಕೊಡ ಹೊತ್ತು ಬರುವಾಗ ದಾರಿಯುದ್ದಕ್ಕೂ ತನಗೆ ತಾನೇ ಬೈದುಕೊಂಡಳು. ತರಂಗ ಪಕ್ಕಕ್ಕೆ ಸೋರದಿರಲೆಂದು ಇಷ್ಟು ವರ್ಷ ಒದ್ದಾಡಿದವಳು, ಪಾಪದ ಹುಡುಗಿಯ ಮಾತು ಯಾರ ಯಾರ ಕಿವಿಗೆ ಸೋರುತ್ತದೆ ಎಂದು ಒಮ್ಮೆಯೂ ಯೋಚಿಸಿರಲಿಲ್ಲವಲ್ಲ!

ಆ ದಿನವೇ ತಗಡು ಸರಿಸಲು ಆಗಲಿಲ್ಲ, ಒಳಕೋಣೆಗೆ ಕೇಬಲ್ ಸಾಲಲಿಲ್ಲ. ಕೇಬಲ್ ತರಲು ಬೀದರಕ್ಕೆ ಹೋದವಳು, ಶನಿವಾರದವರೆಗೆ ಕಾಯದೆ ಬುಧವಾರವೇ ರಜೆ ಹಾಕಿ ಒಬ್ಬಳೇ ಬಸ್ಸು ಹತ್ತಿದಳು. ಕಾಶೀರಾಮನಿಗೆ ಲ್ಯಾಬು ಬಿಟ್ಟು ಬರುವಂತಿರಲಿಲ್ಲ. ಇನ್ನೊಂದು ಚಿಂತೆ ಅವಳನ್ನು ಬಸ್ಸಿನುದ್ದಕ್ಕೂ ಕೊರೆಯಿತು. ಪಡಸಾಲೆಗೆ ತಗಡು ಬಂದಮೇಲೆ ಶಾಲುಬಾಯಿಯ ಮನೆ ಊರಿಗೇ ದೊಡ್ಡದಾಗಿತ್ತು. ಅದನ್ನು ಕಿತ್ತು ಒಳಗೆ ಹಾಕುತ್ತೇನೆ ಎಂದರೆ ಯಾಕೆ ಎಂದು ಕೇಳದೆ ಬಿಟ್ಟಾಳೆಯೇ? ಸುಳ್ಳು ಹೇಳಿದರೆ ಗಿಡಿಯೋನರ ಮಗಳಿಗೆ ನಾಲಿಗೆ ತೊದಲುತ್ತದೆ, ನಿಜ ಹೇಳಿದರೆ ಸೊಸೆಗೆ ತೊಂದರೆ.

ಕೊನೆಗೆ ಅವಳು ಹೇಳಿದ್ದು ಅರ್ಧ ನಿಜ. ಪಡಸಾಲೆಯಲ್ಲಿ ಗದ್ದಲ ಹೆಚ್ಚು, ತನ್ನ ಕೆಲಸ ನೆಟ್ಟಗಾಗುತ್ತಿಲ್ಲ, ಕಾಳು ಇಡುವ ಒಳಕೋಣೆಯ ಗೋಡೆಗೆ ಹಾಕಿದರೆ ಚೆನ್ನ ಎಂದಳು. ಶಾಲುಬಾಯಿ ಏನೂ ಕೇಳಲಿಲ್ಲ. ಬಾಯಾರ ಮುಖ ನೋಡಿದಳು, ಸೊಸೆಯ ಮುಖ ನೋಡಿದಳು, ಹೋಗಿ ಕೋಣೆಯೊಳಗಿನ ಚೀಲಗಳನ್ನು ಸರಿಸಿ ಜಾಗ ಮಾಡಿಕೊಟ್ಟಳು.

ತಗಡು ಕೂತಿತು. ಗ್ರೇಸ ಫೋನು ಹಿಡಿದು ಅಳೆದಳು. ಕೋಣೆಯಲ್ಲಿ ತಗಡಿನ ಎದುರಿಗೆ ಭರ್ತಿ ಗೆರೆಗಳು. ಗೋಡೆಯ ಈಚೆ ಪಡಸಾಲೆಯಲ್ಲಿ ಒಂದೂ ಇಲ್ಲ. ಫೋನು ಹಚ್ಚಬೇಕಾದರೆ ಇನ್ನು ಒಳಗೆ ಹೋಗಲೇಬೇಕು. ಅಂಜನಾಗೆ ಫೋನು ಕೊಟ್ಟು, ಒಳಗೆ ಹೋಗಿ ಬಾಗಿಲು ಹಾಕಿಕೊ, ಬಾಗಿಲು ತೆರೆದಿದ್ದರೆ ನನ್ನ ಅಳತೆ ಕೆಡುತ್ತದೆ ಎಂದಳು. ಆ ಮಾತು ಮಾತ್ರ ಅಪ್ಪಟ ಸುಳ್ಳು. ಆಶ್ಚರ್ಯವೆಂದರೆ ನಾಲಿಗೆ ತೊದಲಲಿಲ್ಲ.

ಬಾಗಿಲು ಮುಚ್ಚಿತು. ಅತ್ತೆ ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಾ ಕೂತಳು, ಗ್ರೇಸ ಅವಳ ಎದುರಿಗೆ. ಇಬ್ಬರಿಗೂ ಏನೂ ಕೇಳಿಸುತ್ತಿರಲಿಲ್ಲ. ಕಲ್ಲುಮಣ್ಣಿನ ಗೋಡೆ, ಗಟ್ಟಿ ಕದ. ಬಿಸಿಲು ಅಂಗಳದಿಂದ ಗೋಡೆ ಹತ್ತಿತು. ಮೊರದಲ್ಲಿದ್ದ ಜೋಳ ಹಸನಾಗಿ ಮುಗಿದಿತ್ತು, ಆದರೂ ಶಾಲುಬಾಯಿಯ ಕೈ ಆಡುತ್ತಲೇ ಇತ್ತು.

ಬಾಗಿಲು ತೆರೆಯಿತು. ಅಂಜನಾಳ ಮುಖವೆಲ್ಲ ಕಣ್ಣೀರು, ಆದರೆ ನಗುತ್ತಿದ್ದಳು. "ಬರ್ತಾರಂತ" ಎಂದಳು. ಹೇಳಿದ ಮೇಲೆ ಅತ್ತೆ ಎದುರಿಗಿರುವುದು ನೆನಪಾಗಿ ಸೆರಗು ಬಾಯಿಗೆ ಹಿಡಿದುಕೊಂಡಳು.

ಶಾಲುಬಾಯಿ ಎದ್ದಳು. ಸೊಸೆಯ ಕೈಯಿಂದ ಫೋನು ತೆಗೆದುಕೊಂಡಳು. ಕೋಣೆಯೊಳಗೆ ಹೋಗಿ ಕದ ಹಾಕಿಕೊಂಡಳು.

ಮುಗಿಯಿತು, ಮಗನಿಗೆ ಈಗ ಬೈಗುಳದ ಮಳೆ! ಕೆಲಸ ಬಿಟ್ಟು ಹೆಂಡತಿಯ ಹಿಂದೆ ಓಡಿ ಬರುತ್ತೀಯಾ ಎಂದು ಝಾಡಿಸುತ್ತಾಳೆ. ನನ್ನಿಂದಲೇ ಈ ಮನೆ ಒಡೆಯಿತು ಎಂದು ಗ್ರೇಸ ಅಂದುಕೊಂಡಳು. ಅವಳೂ ಅಂಜನಾಳೂ ಕಿವಿಗೊಟ್ಟು ಕೂತರು. ಪುಣೆಗೆ ಫೋನಿಲ್ಲದೆ ಮುಟ್ಟುವ ಆ ದನಿ ಒಂದು ಚೂರೂ ಹೊರಗೆ ಬರಲಿಲ್ಲ. ಬಹಳ ಹೊತ್ತಾದಮೇಲೆ ಶಾಲುಬಾಯಿ ಹೊರಗೆ ಬಂದು, ಫೋನು ಗೂಡಿನಲ್ಲಿಟ್ಟು, ಮೋರಿಯ ಹತ್ತಿರ ಮುಖ ತೊಳೆದುಕೊಂಡಳು. ಬಾಯಾರಿಗೆ ಬಸ್ಸಿನ ಹೊತ್ತಾಯಿತು, ರೊಟ್ಟಿ ಕಟ್ಟಿಕೊಡು ಎಂದು ಸೊಸೆಗೆ ಹೇಳಿದಳು. ಅಷ್ಟೇ. ಗ್ರೇಸ ಕೇಳಲು ಧೈರ್ಯ ಸಾಲದೆ, ಬುತ್ತಿ ಹಿಡಿದು ಬಸ್ಸು ಹತ್ತಿದಳು.

ಮರುದಿನ ಲ್ಯಾಬಿಗೆ ಹೋದರೆ ಕಾಶೀರಾಮ ಬಾಗಿಲು ತೆರೆದು, ಬೆಂಚು ಒರೆಸುವುದನ್ನು ಬಿಟ್ಟು, ಕಿಟಕಿಯ ಹತ್ತಿರ ಸುಮ್ಮನೆ ನಿಂತಿದ್ದ. ಮನೆಯಲ್ಲಿ ಗದ್ದಲವಾಯಿತೇ, ಶಾಲುಬಾಯಿ ಪಂಢರಿಗೆ ಬೈದಳೇ ಎಂದು ಗ್ರೇಸ ಒಂದೇ ಉಸಿರಿನಲ್ಲಿ ಕೇಳಿದಳು.

"ಪಂಢರಿಗಿ ಅಲ್ಲರಿ ಮೇಡಂ, ನಿನ್ನಿ ಅಕಿ ಫೋನು ಹಚ್ಚಿದ್ದು ನನಗ" ಎಂದ ಕಾಶೀರಾಮ.

ಸ್ವಲ್ಪ ಹೊತ್ತು ಕೈಯಲ್ಲಿದ್ದ ಬಟ್ಟೆಯನ್ನು ಮಡಚಿದ, ಬಿಚ್ಚಿದ.

"ಪಂಢರಿ ಹುಟ್ಟೂ ವರ್ಷನೂ ಮಳಿ ಇರಲಿಲ್ಲರಿ. ನಾ ಹೈದ್ರಾಬಾದದಾಗ ಕಲ್ಲು ಒಡಿಲಿಕ್ಕ ಹೋಗಿದ್ದ. ತಿಂಗಳಾದ ಮ್ಯಾಲ ನಾ ಬಂದ, ಕೂಸಿನ್ನ ನೋಡ್ದ. ಅಕಿ ಏನೂ ಅನಲಿಲ್ಲ, ಎಮ್ಮಿ ಹಿಂಡ್ಲಿಕ್ಕ ಹೋದ್ಳು. ಗಟ್ಟಿ ಹೆಣಮಗಳು ಅಂತ ನಾನೂ ತಿಳಕೊಂಡ." ಅವನು ಕಿಟಕಿಯ ಕಡೆ ತಿರುಗಿದ. "ಆವಾಗ ನನಗೂ ಭಾಳ ಅಂಜಿಕಿ ಆಗಿತ್ತು, ನೀವ್ ಇರಲಿಲ್ಲ ಅಂತ ಅಕಿ ನಿನ್ನಿ ಅಂದ್ಳರಿ. ಇಷ್ಟ ವರ್ಷ ಆದ ಮ್ಯಾಲ."

ಗ್ರೇಸ ಕಿಟಕಿಯ ಹತ್ತಿರ ಹೋಗಿ ಅವನ ಪಕ್ಕಕ್ಕೆ ನಿಂತಳು.

"ಶನಿವಾರ ತನಕ ತಡಿಲಿಕ್ಕ ಆಗಲ್ದುರಿ ಮೇಡಂ. ಈಗಿನ ಬಸ್ಸಿಗೇ ಊರಿಗಿ ಹೋಗಿ ಬರ್ತೇನಿ" ಎಂದ ಕಾಶೀರಾಮ.

ಗ್ರೇಸ ಅವನ ಕೈಯಿಂದ ಬಟ್ಟೆ ತೆಗೆದುಕೊಂಡು, ಬೆಂಚು ಒರೆಸಲು ತಾನೇ ನಿಂತಳು.